ಎಡಮಗ್ಗುಲಿನ ಬಾಗಿಲು

ನಾನು ಎಡಚ. ಮೊಳಕಾಲ್ಮುರಿನಲ್ಲಿ ಬೈಕ್ ಗ್ಯಾರೇಜ್ ಇಟ್ಟಿದ್ದೇನೆ. ಸ್ಪ್ಯಾನರ್, ಸುತ್ತಿಗೆ ಇಡಲು ಒಂದು ಕಬ್ಬಿಣದ ಪೆಟ್ಟಿಗೆ ಬೇಕಿತ್ತು. ಅಂಗಡಿಯಲ್ಲಿ ಸಿಗುವುದೆಲ್ಲ ಬಲಗೈಯವರಿಗೇ ಮಾಡಿದ್ದು. ಅದಕ್ಕೇ ಚಳ್ಳಕೆರೆಯಲ್ಲಿ ವೆಲ್ಡಿಂಗ್ ಮಾಡುವ ಓಬಣ್ಣನ ಹತ್ತಿರ ಹೋಗಿ, ಬಾಗಿಲು ಮುಂದೆ ಬೇಡ, ಪೆಟ್ಟಿಗೆಯ ಎಡಮಗ್ಗುಲಿಗೇ ಬರಬೇಕು ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿ ಬಂದಿದ್ದೆ.

ತರಲು ಹೋದರೆ ಬಾಗಿಲು ಬಲಮಗ್ಗುಲಿಗಿದೆ!

"ಇದೇನ್ ಓಬಣ್ಣ, ಎಡಕ್ಕೆ ಅಂದಿದ್ನಲ್ಲ?"

"ದುಡಿಯೋ ಪೆಟ್ಟಿಗೆನ ಬೆಳಿಗ್ಗೆ ಎದ್ದು ಎಡಗೈಲಿ ತೆಗೀಬಾರ್ದಪ್ಪ. ನಿನ್ನ ಒಳ್ಳೇದಕ್ಕೇ ಸರಿ ಮಾಡೀನಿ."

ಸಾಲದ್ದಕ್ಕೆ ಮುಂಭಾಗದಲ್ಲಿ ಕೆಂಪು ಬಣ್ಣದಿಂದ 'ಶುಭ ಲಾಭ' ಅಂತ ಪುಕ್ಕಟೆ ಬರೆದೂ ಇದ್ದ.

ಸರಿ ಮಾಡಿದ್ದಾನಂತೆ! ನನಗೆ ಮೈಯೆಲ್ಲ ಉರಿದುಹೋಯಿತು.

"ಹೋದ ತಿಂಗ್ಳು ನಿನ್ ಬೈಕಿನ ಮುಂದಿನ ಚಕ್ರದ ಫೋರ್ಕ್ ಬಿಚ್ಚಿ ಕೂರಿಸಿದ್ದು ಯಾವ ಕೈ? ಇದೇ ಎಡಗೈ! ಗಾಡಿ ಓಡ್ತಿಲ್ವಾ?"

ಓಬಣ್ಣ ಸ್ವಲ್ಪ ಯೋಚನೆ ಮಾಡಿ, "ಅದಕ್ಕೇ ಇರ್ಬೇಕು, ಎಡಕ್ಕೇ ಎಳೀತೈತೆ" ಅಂದ.

ಪೆಟ್ಟಿಗೆಯನ್ನು ಗ್ಯಾರೇಜಿಗೆ ತಂದು, ಹಿಂದುಮುಂದಾಗಿ ತಿರುಗಿಸಿ ಇಟ್ಟೆ. ಬಾಗಿಲು ನನ್ನ ಎಡಗೈಗೇ ಬಂತು. ಅವನ ಶುಭ ಲಾಭ ಮಾತ್ರ ಅವತ್ತಿನಿಂದ ಗೋಡೆ ನೋಡಿಕೊಂಡು ನಿಂತಿದೆ.