ಗುಡ್ಡದ ಕೆಳಗೆ ಕುಳಿತ ಗೋದಕ್ಕ

ಗೋದಕ್ಕ ಗ್ರೀಸ್ ದೇಶದ ಗುಡಿಯನ್ನು ರಂಗೋಲಿ ಪುಡಿಯಲ್ಲಿ ಹಾಕುತ್ತಿದ್ದಳು. ಶಾಲೆಯ ಅಂಗಳದಲ್ಲಿ ಉದ್ದಕ್ಕೆ ಹದಿನೇಳು ಚುಕ್ಕೆ, ಅಡ್ಡಕ್ಕೆ ಎಂಟು. ಒಂದು ಚುಕ್ಕೆಗೆ ಒಂದು ಕಂಬ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಚಪ್ಪಲಿ ಹೊರಗ ಬಿಡ್ರಿ, ಗುಡಿ ಐತದು" ಎಂದು ಒಳಗೆ ಕರೆಯುತ್ತಿದ್ದಳು. ಮಕ್ಕಳು ನಿಜವಾಗಿಯೂ ಚಪ್ಪಲಿ ಬಿಟ್ಟು, ಪುಡಿ ತುಳಿಯದಂತೆ ಸೀರೆ ಹಿಡಿದ ಹೆಂಗಸರ ಹಾಗೆ ಕಾಲೆತ್ತಿಡುತ್ತಾ ಒಳಗೆ ಹೋಗುತ್ತಿದ್ದರು.

ಹೈದರಾಬಾದಿನ ಒಂದು ಕನ್ನಡ ಶಾಲೆಯಲ್ಲಿ ಈ ನನ್ನ ಅಕ್ಕ ಮೂವತ್ತು ವರ್ಷ ಇತಿಹಾಸ ಕಲಿಸಿದಳು. ಕಲಿಸಿದ ಊರುಗಳಲ್ಲಿ ಒಂದನ್ನೂ ಕಂಡವಳಲ್ಲ. ಆದರೂ ರೋಮಿನ ರಸ್ತೆಗಳನ್ನು ಸುಲ್ತಾನ್ ಬಜಾರಿನ ಗಲ್ಲಿಗಳ ಹಾಗೆ ಹೇಳುತ್ತಿದ್ದಳು: "ಅಲ್ಲಿಂದ ಎಡಕ್ಕ ಹೊಳ್ಳಿದ್ರ ಬಜಾರು, ನೆಟ್ಟಗ ಹೋದ್ರ ಕಚೇರಿ."

ನಾನು ಓದಿದ್ದು ಐದನೆಯ ಇಯತ್ತೆಯ ತನಕ. ಅಪ್ಪ ಲಿಂಗಸೂಗೂರಿನ ಕಡೆಯಿಂದ ಸರಕಾರಿ ನೌಕರಿಗೆ ಈ ಊರಿಗೆ ಬಂದವರು. ಅವ್ವ ಹಾಸಿಗೆ ಹಿಡಿದಾಗ ಮನೆಯಲ್ಲಿ ಒಬ್ಬರು ನಿಲ್ಲಬೇಕಾಯಿತು. ಅಕ್ಕನಿಗೆ ಮೆಟ್ರಿಕ್ ಪರೀಕ್ಷೆ ಇತ್ತು. ನಾನು ನಿಂತೆ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಸಂಜೆ ನಾನು ರೊಟ್ಟಿ ಬಡಿಯುವಾಗ ಅಕ್ಕ ಒಲೆಯ ಪಕ್ಕ ಕುಳಿತು ತನ್ನ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ನನಗೂ ಕೇಳಲಿ ಎಂದು ಓದುತ್ತಿದ್ದಳು. ನನಗೆ ಮಾತ್ರ ಅದು ಹಂಗಿಸಿದ ಹಾಗೆ ಕೇಳುತ್ತಿತ್ತು. ಆ ಸಿಟ್ಟು ಎಷ್ಟು ವರ್ಷ ನನ್ನೊಳಗೆ ಕೂತಿತ್ತೆಂದು ಅರವತ್ತರ ಹತ್ತಿರ ಬಂದ ಮೇಲೆಯೇ ನನಗೆ ತಿಳಿದದ್ದು.

ಅಕ್ಕ ಮದುವೆಯಾಗಲಿಲ್ಲ. ದಿಲ್‌ಸುಖ್‌ನಗರದಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡಿದ್ದಳು. ನಾನು ನಾಚಾರಂನಲ್ಲಿದ್ದೆ. ನಮ್ಮವರು ಅಲ್ಲಿನ ಒಂದು ಕಾರ್ಖಾನೆಯಲ್ಲಿದ್ದರು, ಅಕ್ಕ ನಿವೃತ್ತಿಯಾಗುವಷ್ಟರಲ್ಲಿ ತೀರಿಕೊಂಡಿದ್ದರು. ನಿವೃತ್ತಿಯಾಗಿ ಕೆಲವು ವರ್ಷಗಳ ಮೇಲೆ ಒಂದು ದಿನ ಅಕ್ಕ ಬಸ್ಸು ಹಿಡಿದು ಬಂದು, ಬಣ್ಣದ ಕಾಗದವೊಂದನ್ನು ನನ್ನ ಮಡಿಲಿಗೆ ಹಾಕಿದಳು. ಈಜಿಪ್ಟ್, ಗ್ರೀಸ್, ರೋಮ್. ಊಟ, ವಸತಿ, ಗೈಡು ಎಲ್ಲ ಸೇರಿ.

"ಇಬ್ಬರ ಹೆಸರೂ ಬರಸೀನಿ," ಅಂದಳು.

"ನಾ ಯಾಕಕ್ಕ? ನನಗೇನ್ ತಿಳೀತೈತಿ ಅದೆಲ್ಲ?"

"ನೀ ಸಾಲಿ ಬಿಟ್ಟದ್ದಕ್ಕ ನಾ ಸಾಲಿ ಕಲ್ತೆ, ಕಮಲಿ. ಒಬ್ಬಾಕೀನ ಹೆಂಗ್ ನೋಡ್ಲಿ?"

ಆ ಮಾತಿಗೆ ನಾನು ಅಳಬೇಕಿತ್ತು. ಪಾಸ್‌ಪೋರ್ಟಿಗೆ ಯಾವ ಸೀರೆ ಉಡಲಿ ಎಂದು ಕೇಳಿದೆ.

ಟೂರಿನವರು ಎಲ್ಲರೂ ಬೂಟು ಹಾಕಬೇಕೆಂದು ಹೇಳಿದ್ದರು. ಜೀವನವಿಡೀ ಚಪ್ಪಲಿ ಮೆಟ್ಟಿದ ಅಕ್ಕ ಲೇಸಿನ ಬಿಳಿ ಕ್ಯಾನ್ವಾಸ್ ಬೂಟು ಕೊಂಡಳು. ತೊಂದರೆ ಶುರುವಾದದ್ದು ಅಲ್ಲಿಂದ. ಈಜಿಪ್ಟಿನ ಮೊದಲ ಗುಡಿಯ ಬಾಗಿಲಲ್ಲಿ ಅಕ್ಕ ನಿಂತುಬಿಟ್ಟಳು.

"ಕಮಲಿ, ಬೂಟು ಬಿಚ್ಚು."

ಅವಳ ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ. ನಾನು ಬಗ್ಗಿ ಲೇಸು ಬಿಚ್ಚಿದೆ. ನಮ್ಮ ಟೂರಿನ ಮ್ಯಾನೇಜರ್ ಪ್ರಸಾದ್, ಒಳ್ಳೆಯ ಹುಡುಗ, ಓಡಿ ಬಂದು ತೆಲುಗಿನಲ್ಲಿ, ಇದು ಹಾಳು ಬಿದ್ದ ಗುಡಿ, ಇಲ್ಲಿ ದೇವರಿಲ್ಲ ಅಮ್ಮಾ, ಬೂಟು ಇರಲಿ ಎಂದ.

ಅಕ್ಕ ನನ್ನ ಕಡೆ ತಿರುಗಿ, "ದೇವರು ಎದ್ದು ಹೋದ್ರ ಗುಡಿ ಬಸ್ ಸ್ಟ್ಯಾಂಡ್ ಆಗತೈತೇನು? ಕೇಳು ಇವನ್ನ," ಅಂದಳು. ನಾನು ಕೇಳಲಿಲ್ಲ. ಬೂಟುಗಳನ್ನು ಕೈಯಲ್ಲಿ ಹಿಡಿದು ಹಿಂದೆ ಹಿಂದೆ ನಡೆದೆ.

ಒಂದು ಗುಡಿಯಾಗಿದ್ದರೆ ನಡೆಯುತ್ತಿತ್ತು. ಬೆಳಿಗ್ಗೆ ಎರಡು, ಮಧ್ಯಾಹ್ನ ಮೂರು. ಪ್ರತಿ ಹೊಸ್ತಿಲಿಗೆ ಬಿಚ್ಚು, ಹೊರಗೆ ಬಂದ ಮೇಲೆ ಕಟ್ಟು. ಸುಡುವ ಕಲ್ಲಿನ ಮೇಲೆ ಅಕ್ಕ ಬರಿಗಾಲಲ್ಲಿ ನಡೆಯುವಳು. ಗೈಡು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ನನಗಾಗಿ ಗಟ್ಟಿಯಾಗಿ ಕನ್ನಡದಲ್ಲಿ ಹೇಳುವಳು. ಗೈಡು ತಪ್ಪಿದರೆ ತಿದ್ದುವಳು. ಉಳಿದವರು ಬಸ್ಸಿನಲ್ಲಿ ಕೂತು ಕಾಯುವರು. ಅಂಗಡಿ ಮುಚ್ಚಿಬಿಡುತ್ತವೆಂದು ಹೆಂಗಸರಿಗೆ ಅವಸರ. ಅವರು ಅಕ್ಕನಿಗೆ 'ಬೂಟ್ಲಮ್ಮ' ಎಂದು ಹೆಸರಿಟ್ಟರು. ನಾವು ಬಸ್ಸು ಹತ್ತಿದಾಗಲೆಲ್ಲ ಹಿಂದಿನ ಸೀಟಿನಿಂದ ನಗು ಬರುತ್ತಿತ್ತು.

"ಯಾಕ್ ನಗಾಕತ್ತಾರ?" ಎಂದು ಅಕ್ಕ ಕೇಳಿದರೆ, "ಏನೋ ತಮ್ಮ ಮಾತು," ಎನ್ನುತ್ತಿದ್ದೆ.

ಸೊಂಟ ಹಿಡಿದುಕೊಂಡಿತ್ತು. ಕೈಗೆ ಮಣ್ಣಿನ ವಾಸನೆ. ಎಂಟು ದಿನ ಕಳೆಯುವಷ್ಟರಲ್ಲಿ ನನಗೆ ಕಲ್ಲು ಕಂಡರೆ ಲೇಸೇ ಕಣ್ಣಿಗೆ ಕಟ್ಟುತ್ತಿತ್ತು. ಐದನೆಯ ಇಯತ್ತೆಯಿಂದ ಇವಳ ಚಾಕರಿಯೇ ಆಯಿತು ನನಗೆ ಎಂದು ಒಳಗೊಳಗೇ ಲೆಕ್ಕ ಹಾಕಿಕೊಳ್ಳುತ್ತಿದ್ದೆ.

ಅಥೆನ್ಸ್ ಬಂತು. ಅಕ್ಕ ರಂಗೋಲಿಯಲ್ಲಿ ಹಾಕುತ್ತಿದ್ದ ಗುಡಿ ಅಲ್ಲಿನ ಗುಡ್ಡದ ಮೇಲಿದೆ. ಆ ಬೆಳಿಗ್ಗೆ ಅವಳು ಜರಿಯಂಚಿನ ಸೀರೆ ಉಟ್ಟು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಪ್ರಸಾದ್ ನನ್ನ ಹತ್ತಿರ ಬಂದು ಮೆಲ್ಲಗೆ, "ಅಮ್ಮಾ, ಅಕ್ಕಗಾರು ಎಕ್ಕಗಲರಾ? ಮೀರೇ ಚೆಪ್ಪಂಡಿ," ಅಂದ. ಅಕ್ಕ ಹತ್ತಬಲ್ಲಳೇ, ನೀವೇ ಹೇಳಿ, ಎಂದು.

ಹತ್ತಬಲ್ಲಳೆಂದು ನನಗೆ ಗೊತ್ತಿತ್ತು. ದಿನಾ ಮೂರು ಅಂತಸ್ತು ಹತ್ತಿ ನೀರಿನ ಟಾಂಕಿ ನೋಡಿ ಬರುತ್ತಿದ್ದವಳು. ನಿಧಾನ ಅಷ್ಟೇ, ಒಂದು ಕೈ ಹಿಡಿದರೆ ಸಾಕಿತ್ತು. ಆ ಕೈ ನನ್ನದು.

"ಆಗೂದಿಲ್ಲಪ್ಪ," ಎಂದು ತೆಲುಗಿನಲ್ಲೇ ಹೇಳಿದೆ. "ಏದುಸಿರು ಬರತೈತಿ. ನಿನ್ನೆ ಎದಿ ನೋವು ಅಂದಿದ್ಲು. ನಾ ಹೇಳೀನಿ ಅನಬ್ಯಾಡ."

ಎದೆನೋವು ಇರಲೇ ಇಲ್ಲ.

ಗುಡ್ಡದ ಬುಡದಲ್ಲಿ ಪ್ರಸಾದ್ ಅಕ್ಕನ ಮುಂದೆ ಕೈಮುಗಿದು, ಕಂಪನಿ ಒಪ್ಪುವುದಿಲ್ಲ, ಮೊಣಕಾಲಿನವರಿಗೆ ಅಪಾಯ, ಕೆಳಗೇ ಇರಿ ಎಂದ. ನನ್ನ ಹೆಸರು ಹೇಳಲಿಲ್ಲ. ಅಕ್ಕ ಮೊದಲು ನಕ್ಕಳು. ಆಮೇಲೆ ತೆಲುಗಿನಲ್ಲಿ ಬೇಡಿಕೊಂಡಳು. ಕೊನೆಗೆ ನನ್ನ ತೋಳು ಹಿಡಿದಳು.

"ಕಮಲಿ, ನೀ ಹೇಳು ಇವಗ. ದಿನಾ ಟಾಂಕಿ ತನಕ ಹತ್ತತೀನಿ ಅಂತ ಹೇಳು. ನಿನ್ನ ಮಾತು ಕೇಳ್ತಾನ."

"ಹೋಗ್ಲಿ ಬಿಡಕ್ಕ. ಅವ್ರು ಬ್ಯಾಡ ಅಂದ್ರ ಬ್ಯಾಡ."

ಅವಳು ನನ್ನ ತೋಳು ಬಿಟ್ಟಳು. ಆಮೇಲೆ ಮರದ ಕೆಳಗಿನ ಬೆಂಚಿನಲ್ಲಿ ಕೂತು, "ನೀ ಹೋಗಿ ಬಾ," ಅಂದಳು. "ಒಂದ್ ಕೆಲಸ ಮಾಡು. ಆ ಗುಡಿ ಮೆಟ್ಟಲು ನೆಟ್ಟಗಿಲ್ಲ, ನಡುವ ಉಬ್ಬೈತಿ ಅಂತ ಓದೀನಿ. ಒಂದು ತುದಿಗೆ ನಿನ್ನ ಚೀಲ ಇಡು, ಇನ್ನೊಂದು ತುದಿಗೆ ಬಗ್ಗಿ ನೋಡು. ಚೀಲ ಕಾಣಬಾರದು. ನನ್ನ ಸಲುವಾಗಿ ಅಷ್ಟು ನೋಡಿ ಬಾ."

ನಾನು ಹತ್ತಿದೆ. ಮೇಲೆ ಹೋಗಿ, ಒಂದು ಮೋಟು ಗೋಡೆಯ ನೆರಳಿನಲ್ಲಿ ಗುಡಿಗೆ ಬೆನ್ನು ಹಾಕಿ ಕೂತುಬಿಟ್ಟೆ. ಕೆಳಗೆ ಬಿಳಿ ಊರು ಬಿದ್ದುಕೊಂಡಿತ್ತು. ಯಾರ ಕಾಲೂ ನನ್ನ ಮುಂದೆ ಇರಲಿಲ್ಲ. ಒಂದು ತಾಸು ಹಾಗೇ ಕೂತಿದ್ದೆ. ಗೈಡು ಕರೆದಾಗ ಎದ್ದು ಇಳಿದೆ. ಒಂದು ಸಲವೂ ತಿರುಗಿ ನೋಡಲಿಲ್ಲ.

ಅಕ್ಕ ದೂರದಿಂದಲೇ ಎದ್ದು ನಿಂತಿದ್ದಳು. "ಏನೇನ್ ನೋಡ್ದಿ?"

"ಕಲ್ಲು, ಅಕ್ಕ. ಬರೇ ಕಲ್ಲು."

"ಚೀಲ ಇಟ್ಟು ನೋಡ್ದೇನು?"

"ನೋಡ್ದೆ. ಕಾಣಲಿಲ್ಲ."

ಅಕ್ಕನ ಮುಖ ಅರಳಿತು. ಚಪ್ಪಾಳೆ ಹೊಡೆದಳು. "ಹೌದಲ್ಲ! ನಾ ಹೇಳಿದ್ನಿಲ್ಲ?" ಬಸ್ಸಿನಲ್ಲಿ ನಗುತ್ತಿದ್ದವರಿಗೆಲ್ಲ ಅದನ್ನೇ ಹೇಳಿದಳು. ಆಮೇಲೆ ನನ್ನ ಕೈ ಹಿಡಿದು, "ನನ್ನ ಮಣಕಾಲಿಂದ ನಿನಗ ಭಾಳ ತ್ರಾಸ ಆತಲ್ಲ?" ಎಂದು ಕೇಳಿದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಊರಿಗೆ ಬಂದ ಮೇಲೆ ಆ ಚೀಲದ ಕಥೆ ದಿಲ್‌ಸುಖ್‌ನಗರದ ಆ ಗಲ್ಲಿಗೆಲ್ಲ ಗೊತ್ತಾಯಿತು. ಹಳೆಯ ವಿದ್ಯಾರ್ಥಿಗಳು ಬಂದರೆ, "ಪುಸ್ತಕದಾಗಿಂದಲ್ಲ, ನಮ್ಮ ಕಮಲಿ ಸ್ವತಃ ಇಟ್ಟು ನೋಡ್ಯಾಳ," ಎಂದು ನನ್ನನ್ನು ಕರೆದು ತೋರಿಸುವಳು. ನಾನು ಅಡಿಗೆಮನೆಗೆ ಹೋಗಿಬಿಡುತ್ತಿದ್ದೆ. ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಅಕ್ಕ ಆ ಕಥೆ ಹೇಳುವುದನ್ನು ನಿಲ್ಲಿಸಿದಳು. ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡೆ.

ಕೊನೆಯ ಕಾಲಕ್ಕೆ ಅವಳ ಮೂತ್ರಪಿಂಡ ಕೆಟ್ಟಿತು. ತೆಲಂಗಾಣದ ಗಲಾಟೆಯ ದಿನಗಳು. ಇವತ್ತು ಬಸ್ಸು ಇದ್ದರೆ ನಾಳೆ ಇಲ್ಲ. ಒಂದು ಮಧ್ಯಾಹ್ನ ಹೋದಾಗ ಅಕ್ಕ ಮಲಗಿದ್ದಳು. ತಲೆದಿಂಬಿನ ಪಕ್ಕ ಒಂದು ಆಲ್ಬಮ್ ಇತ್ತು. ನಮ್ಮ ಟೂರಿನಲ್ಲಿದ್ದ ಯಾರೋ ಪ್ರೀತಿಯಿಂದ ಮಾಡಿಸಿ ಕೊಟ್ಟದ್ದು. ಎತ್ತಿ ತಿರುವಿದೆ. ಅಥೆನ್ಸಿನ ಗುಡಿ ಬಂತು. ಮೆಟ್ಟಿಲುಗಳ ಮುಂದೆ ಉದ್ದಕ್ಕೂ ಹಗ್ಗ ಕಟ್ಟಿತ್ತು. ಹಗ್ಗದ ಆಚೆ ಯಾರನ್ನೂ ಬಿಡುವುದಿಲ್ಲವೆಂದು ಚಿತ್ರ ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಆಲ್ಬಮಿನ ಮೊದಲ ಹಾಳೆಯಲ್ಲಿ, ಕೊಟ್ಟ ದಿನ ಎಂದು ಅಕ್ಕನ ಅಕ್ಷರದಲ್ಲಿ ತಾರೀಖಿತ್ತು. ಅವಳು ಕಥೆ ನಿಲ್ಲಿಸಿದ ತಿಂಗಳು ಅದು.

ತಲೆ ಎತ್ತಿದರೆ ಅಕ್ಕ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದಲೋ.

"ಕಮಲಿ, ಮ್ಯಾಲೆ ಗಾಳಿ ಇತ್ತೇನು?"

"ಭಾಳ ಇತ್ತಕ್ಕ. ಸೆರಗು ನಿಲ್ಲಲಿಲ್ಲ. ಎರಡೂ ಕೈಲೆ ಹಿಡಕೊಂಡು ಕುಂತಿದ್ದೆ. ಬೆವರೆಲ್ಲ ಆರಿಹೋತು."

ಅಕ್ಕ ಕಣ್ಣು ಮುಚ್ಚಿದಳು. "ಇದು ಖರೇ ಹೇಳ್ದಿ."

ನಾನು ಬಾಯಿ ತೆರೆದೆ. "ಅಕ್ಕ" ಎಂದೆ.

"ಸ್ವಲ್ಪ ಚಾ ಮಾಡ. ಬಾಯಿ ಒಣಗೈತಿ."

ಚಹಾ ಕುದಿಯುವಷ್ಟು ಹೊತ್ತು ಒಲೆಯ ಮುಂದೆ ನಿಂತು ಹೇಗೆ ಶುರುಮಾಡಲಿ ಎಂದು ಮನಸ್ಸಿನಲ್ಲೇ ಹೊಂದಿಸಿಕೊಂಡೆ. ಕಪ್ಪು ಹಿಡಿದು ಬಂದಾಗ ಅವಳಿಗೆ ನಿದ್ದೆ ಹತ್ತಿತ್ತು. ಎಬ್ಬಿಸಬಹುದಿತ್ತು. ಕಪ್ಪಿನ ಮೇಲೆ ಬಸಿ ಮುಚ್ಚಿಟ್ಟು, ನಾಳೆ ಹೇಳಿದರಾಯಿತೆಂದು ನಾಚಾರಂ ಬಸ್ಸು ಹಿಡಿದೆ. ಮರುದಿನ ಬಂದ್ ಇತ್ತು. ಅದರ ಮರುದಿನ ಬೆಳಿಗ್ಗೆ ಪಕ್ಕದ ಮನೆಯವರು ಫೋನು ಮಾಡಿದರು.

ಚೀಲದ ಸುಳ್ಳು ಅವಳಿಗೆ ಗೊತ್ತಿತ್ತು. ಇನ್ನೊಂದು ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು, ಕೇಳಲು ಅವಳಿಲ್ಲ. ಕಂಪನಿಯವರೇ ತಡೆದರೆಂದು ನಮ್ಮ ಬಳಗವೆಲ್ಲ ಇಂದಿಗೂ ನಂಬಿದೆ, ಆ ಪ್ರಸಾದನನ್ನು ಬೈಯುತ್ತದೆ. ಅವನದೇನೂ ತಪ್ಪಿಲ್ಲ. ಬಿಟ್ಟಿದ್ದರೆ ಗೋದಕ್ಕ ಆ ಗುಡ್ಡ ಹತ್ತುತ್ತಿದ್ದಳು. ಬೇಡವೆಂದವಳು ನಾನು.