ಯೊರ್ದಾನ್ ನದಿಯ ಮೆಟ್ಟಿಲು

ಪ್ರವಾಸದಿಂದ ಬಂದ ಮೇಲೆ, ಫ್ಲ್ಯಾಟಿನಲ್ಲಿ ನಲ್ಲಿ ತಿರುಗಿಸಿದರೆ ಸಾಕು, ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತದೆ.

ಲಂಡನ್ನಿನಲ್ಲಿ ನಮ್ಮ ಈಸ್ಟ್ ಹ್ಯಾಮಿನ ಒಂದು ಚರ್ಚಿನವರು ಬೈಬಲಿನ ಹಳೆಯ ಸ್ಥಳಗಳನ್ನು ನೋಡಲು ಹೊರಟಿದ್ದರು. ಬೇರೆಯವರಿಗೂ ಸೀಟು ಇತ್ತು. ಕಾಲೇಜಿನಲ್ಲಿ ಇತಿಹಾಸ ಓದಿದ ನನಗೆ ಆ ಕಲ್ಲುಗಳನ್ನು ನೋಡುವ ಆಸೆ. ಪಕ್ಕದ ಬೀದಿಯಲ್ಲಿ ಮಗನ ಮನೆಯಲ್ಲಿರುವ ವಿಜಯಪುರದ ಹಿರಿಯ ಹೆಂಗಸೊಬ್ಬರಿಗೆ ಯೊರ್ದಾನ್ ನದಿಯ ಆಸೆ. ಅವರನ್ನು ಆಂಟಿ ಎಂದರೆ ಆಗದು, ಅವರ ಊರಿನ ಹಾಗೆ ಕಾಕು ಅನ್ನಬೇಕು. "ಹೊಳಿ ಯಾರದಾದ್ರೇನವ್ವಾ, ಮುಳುಗಿದ್ರ ಆತು," ಎಂದಿದ್ದರು.

ನದಿಗೆ ಮೊದಲು ಗೈಡ್ ಒಂದು ಸಣ್ಣ ದಿಬ್ಬ ತೋರಿಸಿದ. ಪ್ರವಾದಿಯೊಬ್ಬ ಬೆಂಕಿಯ ರಥದಲ್ಲಿ ಆಕಾಶಕ್ಕೆ ಹೋದದ್ದು ಇಲ್ಲಿಂದಲಂತೆ. ನೋಡುತ್ತ ನಿಂತ ಶಿಷ್ಯನಿಗೆ ಉಳಿದದ್ದು ಗುರುವಿನ ಕಂಬಳಿ ಮಾತ್ರ. ನಾನು ಕನ್ನಡದಲ್ಲಿ ಹೇಳಿದೆ. ಕಾಕು, "ಕಂಬಳಿ ಬಿಟ್ಟು ಹೋದ್ನಾ? ಮ್ಯಾಲೆ ಥಂಡಿ ಇರಂಗಿಲ್ಲೇನು?" ಎಂದರು.

ನದಿ ಅಗಲವಿರಲಿಲ್ಲ. ಮಳೆಯಾಗಿ ನೀರು ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಸೆಳೆತ ಕಾಣುತ್ತಿರಲಿಲ್ಲ. ಮರದ ಮೆಟ್ಟಿಲು, ಪಕ್ಕದಲ್ಲಿ ಕಂಬಿ. ಬಿಳಿ ನಿಲುವಂಗಿಯ ಯಾತ್ರಿಕರು ಕಂಬಿ ಹಿಡಿದೇ ಮುಳುಗುತ್ತಿದ್ದರು. ನಮ್ಮ ಗುಂಪಿನವರು ಆಗಲೇ ಮೇಲಿನ ಚರ್ಚಿಗೆ ಹೋಗಿದ್ದರು. ಕಾಕು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೂಗು ಹಿಡಿದು ಮೂರು ಸಲ ಮುಳುಗಿದರು. ಮುಗಿಯಿತೆಂದು ನಾನು ಟವೆಲ್ ಬಿಡಿಸಿದೆ. ಆದರೆ ನಮ್ಮವರಿಗೆ ಅಷ್ಟಕ್ಕೇ ಮುಗಿಯುವುದಿಲ್ಲ. ಅವರು ಸೂರ್ಯನ ಕಡೆ ತಿರುಗಿ, ಅರ್ಘ್ಯ ಕೊಡಲು ಎರಡೂ ಕೈ ಜೋಡಿಸಿ ಬೊಗಸೆ ತುಂಬ ನೀರೆತ್ತಿದರು. ಕಂಬಿ ಬಿಟ್ಟಿದ್ದರು.

ಅವರು ಜಾರಿದಾಗ ನನ್ನ ಕೈಗೆ ಸಿಕ್ಕಿದ್ದು ಸೆರಗು. ಎಳೆದೆ. ಸೀರೆ ಬಿಚ್ಚಿಕೊಂಡು ಬರುತ್ತಿತ್ತು, ಅವರು ಬರುತ್ತಿರಲಿಲ್ಲ. ಪಕ್ಕದಲ್ಲಿದ್ದ ಅಪರಿಚಿತ ಯಾತ್ರಿಕನೊಬ್ಬ ನೀರಿಗೆ ಹಾರಿ ಅವರ ರಟ್ಟೆ ಹಿಡಿಯುವವರೆಗೂ ನಾನು ಬಟ್ಟೆಯನ್ನೇ ಎಳೆಯುತ್ತಿದ್ದೆ.

ಬಸ್ಸಿನಲ್ಲಿ ಕಾಕು ತಲೆ ಒರೆಸಿಕೊಳ್ಳುತ್ತ, "ಮಗಗ ಹೇಳಬ್ಯಾಡವ್ವಾ. ಮತ್ತ ಎಲ್ಲಿಗೂ ಕಳಿಸಂಗಿಲ್ಲ," ಎಂದರು.

"ಹೇಳಲ್ಲ ಕಾಕು. ನಾವಿಬ್ಬರಾದರೂ ಮಾತಾಡೋಣ."

"ಏನ ಮಾತಾಡೂದು? ಕಾಲ ಜಾರಿತು, ಮುಗೀತು."

ಲಂಡನ್ನಿಗೆ ಬಂದ ಮೇಲೂ ಅದೇ ಉತ್ತರ. ಪಾರ್ಕ್ ರಾಯಲ್‌ನ ನನ್ನ ಆಫೀಸಿನಲ್ಲಿ ಫೋಟೋ ನೋಡಿದವರು ಚೆನ್ನಾಗಿದೆ ಎಂದರು. ಮಾತು ಕೊಟ್ಟಿದ್ದರಿಂದ ಯಾರಿಗೂ ಹೇಳುವಂತಿರಲಿಲ್ಲ. ಟ್ಯೂಬ್ ರೈಲಿನಲ್ಲಿ ಕೂತರೆ ಆ ಸೀರೆ ಬಿಚ್ಚಿಕೊಂಡು ಕೈಗೆ ಬರುತ್ತಲೇ ಇರುತ್ತಿತ್ತು. ಆ ಕ್ಷಣವನ್ನು ನನ್ನೊಡನೆ ನೆನೆಯುವ ಒಬ್ಬರು ಬೇಕಿತ್ತು, ಇಡೀ ಊರಿನಲ್ಲಿ ಅಂಥವರು ಇದ್ದದ್ದು ಒಬ್ಬರೇ.

ಗೈಡ್ ಹೇಳಿದ್ದ ಪ್ರವಾದಿಯ ಕಥೆಯನ್ನು ಬೈಬಲಿನಲ್ಲೇ ಓದಿದೆ. ಶಿಷ್ಯ ಬಟ್ಟೆ ಹರಿದುಕೊಳ್ಳುತ್ತಾನೆ, ಕಂಬಳಿ ಎತ್ತಿಕೊಂಡು ನದಿಯ ದಡಕ್ಕೆ ಬರುತ್ತಾನೆ, ನೀರು ಸೀಳಿ ದಾಟುತ್ತಾನೆ. ದಡದಲ್ಲಿ ಎಷ್ಟು ಹೊತ್ತು ನಿಂತಿದ್ದನೋ, ಕಥೆ ಹೇಳುವುದಿಲ್ಲ. ಆಮೇಲೆ, ದೂರದಿಂದ ನೋಡಿದವರು ಗುರುವನ್ನು ಹುಡುಕೋಣ ಎನ್ನುತ್ತಾರೆ. ಹತ್ತಿರದಿಂದ ನೋಡಿದವನು ಬೇಡ ಎನ್ನುತ್ತಾನೆ. ಅವನು ಮತ್ತೇನೂ ವಿವರಿಸುವುದಿಲ್ಲ. ಕಾಕುವಿನ ಮೌನ ಆಗ ಸ್ವಲ್ಪ ಅರ್ಥವಾದಂತಾಯಿತು. ನನ್ನ ಕೈಗೆ ಮಾತ್ರ ಅದರಿಂದ ಉಪಯೋಗವಾಗಲಿಲ್ಲ.

ಒಂದು ಶನಿವಾರ ಬೆಳಗ್ಗೆ ಅವರೇ ಫೋನ್ ಮಾಡಿದರು. "ಮಗ, ಸೊಸಿ ಸೌತ್‌ಹಾಲ್‌ಗೆ ಹೋಗ್ಯಾರ. ತಲಿಗೆ ಎಣ್ಣಿ ಹಚ್ಚಿಕೊಂಡೀನಿ. ಬಾ ಸ್ವಲ್ಪ."

ಹೋದೆ. ಬಾತ್‌ರೂಮಿನ ಹೊರಗೆ ಒಂದು ಕುರ್ಚಿ ಹಾಕಿದ್ದರು.

"ಇಲ್ಲೇ ಕುಂದರು. ಮಾತಾಡ್ಕೋತ ಇರು."

"ಏನು ಮಾತಾಡಲಿ?"

ಅವರು ಒಳಗೆ ಹೋಗಿ ಬಾಗಿಲನ್ನು ಪೂರ್ತಿ ಮುಚ್ಚದೆ ಬಿಟ್ಟರು. "ಅದನ್ನ. ಕಣ್ಣಾಗ ನೀರು ತುಂಬಿತ್ತು, ನನಗೇನೂ ಕಾಣಲಿಲ್ಲ. ನೀ ನೋಡೀದಿಯಲ್ಲ."

ನಾನು ಮೊದಲಿನಿಂದ ಶುರು ಮಾಡಿದೆ. ನಡುವೆ ನಾನು ಮಾತು ನಿಲ್ಲಿಸಿದಾಗಲೆಲ್ಲ ಒಳಗೆ ನೀರು ಸುರಿಯುವ ಸದ್ದೂ ನಿಲ್ಲುತ್ತಿತ್ತು.