ಅಕ್ಕನ ಹುರಿ, ನನ್ನ ನಾಲ್ಕಿಂಚು

ಅಕ್ಕ ಕೊಟ್ಟ ಹುರಿಯನ್ನು ನಾನು ಜೀಪಿಗೆ ಹಿಡಿದು ನೋಡಲಿಲ್ಲ. ಮಾಡಬೇಕಾಗಿದ್ದದ್ದು ಅದೊಂದೇ ಕೆಲಸ. ಹುರಿಯ ಒಂದು ತುದಿಯನ್ನು ನೆಲಕ್ಕೆ ಮುಟ್ಟಿಸಿ, ಡ್ರೈವರ್ ಸೀಟಿನ ಮುಂದೆ ಕಾಲಿಡುವ ತಗಡಿನವರೆಗೆ ಎಳೆದು, ಗಂಟು ಎಲ್ಲಿಗೆ ಬರುತ್ತದೆಂದು ನೋಡುವುದು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನಂಥವನಿಗೂ ಬರುವ ಕೆಲಸ. ಮಾಡಲಿಲ್ಲ.

ನಮ್ಮೂರು ಹಳೇಬೀಡಿನ ಮಗ್ಗುಲಲ್ಲಿ, ಬಸ್ತಿಹಳ್ಳಿಯ ಬಸದಿಗಳನ್ನು ದಾಟಿದರೆ ಸಿಗುತ್ತದೆ. ತೆಂಗಿನ ತೋಟ ಇರುವುದು ಕೆರೆಯ ಆಚೆಗೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಟ್ರ್ಯಾಕ್ಟರುಗಳು ಓಡಾಡಿ ಓಡಾಡಿ ಚಕ್ರದ ಜಾಡು ಆಳಕ್ಕೆ ಇಳಿದು, ನಡುವೆ ಉದ್ದಕ್ಕೂ ದಿಬ್ಬ ಎದ್ದಿದೆ. ನಮ್ಮ ಹಳೇ ಜೀಪಿನ ಹೊಟ್ಟೆ ಆ ದಿಬ್ಬಕ್ಕೆ ತಾಗಿ ಕರಕರ ಎನ್ನುತ್ತಿತ್ತು. ಮಳೆ ಬಂದರಂತೂ ದಿಬ್ಬದ ಮೇಲೆ ಹೊಟ್ಟೆಯೂರಿ ಕೂತು ಚಕ್ರಗಳನ್ನು ಸುಮ್ಮನೆ ತಿರುಗಿಸುತ್ತಿತ್ತು, ಎಮ್ಮೆ ಹೊಂಡದಲ್ಲಿ ಕೂತು ಬಾಲ ಆಡಿಸಿದ ಹಾಗೆ.

ಆ ಜೀಪು ಓಡಿಸುವವಳು ಅಕ್ಕ. ಕಲಿಸಿದವನು ನಾನು. ಈಗ ನನಗಿಂತ ಚೆನ್ನಾಗಿ ಓಡಿಸುತ್ತಾಳೆ, ಅದನ್ನು ಊರಿಗೆಲ್ಲ ಅವಳೇ ಹೇಳುತ್ತಾಳೆ. ಚಿಕ್ಕಂದಿನಲ್ಲಿ ಬಿದ್ದು ಅವಳ ಎಡಗಾಲಿನ ಮಂಡಿ ಪೂರ್ತಿ ಮಡಿಯುವುದಿಲ್ಲ. ಕ್ಲಚ್ ಒತ್ತುವುದಕ್ಕೆ ಸಾಕು, ದೂರ ನಡೆಯುವುದಕ್ಕೆ ಸಾಲದು. ಜೀಪು ಬರುವ ಮೊದಲು ತೋಟಕ್ಕೆ ಹೋಗಬೇಕಾದರೆ ಯಾರದೋ ಬೈಕಿನ ಹಿಂದೆ ಕೂರಬೇಕಾಗಿತ್ತು, ಯಾರನ್ನೋ ಕಾಯಬೇಕಾಗಿತ್ತು. ಜೀಪು ಬಂದ ಮೇಲೆ ಯಾರನ್ನೂ ಕೇಳದೆ ಹೊರಡುತ್ತಿದ್ದಳು. ಅವಳಿಗೆ ಅದು ಎಷ್ಟು ದೊಡ್ಡದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೀಗೆ ಮಾಡಿದೆ.

ಒಂದು ದಿನ ತೋಟದಿಂದ ಬಂದವಳೇ ಗಾಡಿಯ ಕೆಳಗೆ ಬಗ್ಗಿ ನೋಡಿ, "ಇನ್ನೊಂದು ಮಳೆಗಾಲ ಕಳುದ್ರೆ ಇದರ ಕರುಳೆಲ್ಲ ದಾರೀಲೇ ಬಿದ್ದಿರ್ತದೆ. ಎತ್ತರ ಮಾಡ್ಸೋ" ಎಂದಳು. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಒಂದಿಷ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕೈಗಿಟ್ಟು, "ಇದರ ಮೇಲೆ ಒಂದ್ರೂಪಾಯಿ ಆದ್ರೂ ಬ್ಯಾಡ. ಹೊಟ್ಟೆ ತಾಗಿಸ್ಕೊಂಡೇ ಓಡುಸ್ತೀನಿ" ಎಂದು ಸೇರಿಸಿದಳು.

ಅಲ್ಲಿಂದ ನಾನು ಹೆಣ್ಣು ನೋಡಲು ಹೊರಟ ಗಂಡಿನ ಕಡೆಯವರ ಹಾಗೆ ಲಿಫ್ಟ್ ಕಿಟ್ ನೋಡುತ್ತಾ ತಿರುಗಿದೆ. ಲಿಫ್ಟ್ ಕಿಟ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಜೀಪಿನ ಮೈಯನ್ನು ಹೊತ್ತಿರುವುದು ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳು. ಅವನ್ನು ಬಿಚ್ಚಿ ಇನ್ನೂ ಹೆಚ್ಚು ಬಾಗಿದ ಪಟ್ಟಿಗಳನ್ನೂ ಉದ್ದನೆಯ ಶಾಕ್ ಅಬ್ಸಾರ್ಬರ್‌ಗಳನ್ನೂ ಹಾಕಿದರೆ ಗಾಡಿ ಮೇಲಕ್ಕೇಳುತ್ತದೆ. ಬೇಲೂರಿನ ಅಂಗಡಿಯವನು ಬೆಂಗಳೂರಿನಿಂದ ತರಿಸುವ ಕಿಟ್ಟಿನ ಬೆಲೆ ಹೇಳಿದಾಗ, "ಜೀಪೂ ಸೇರ್ಸಿ ಹೇಳ್ತಿದ್ದೀರಾ?" ಎಂದು ಕೇಳಿದೆ. ಅವನು ನಗಲಿಲ್ಲ. ಗಂಡಸಿಯ ಗ್ಯಾರೇಜಿನಲ್ಲಿ ಒಬ್ಬರು, ಪಟ್ಟಿ ಹಳೆಯದೇ ಇರಲಿ, ಅದರ ತುದಿಗೆ ಉದ್ದನೆಯ ಕೊಂಡಿ ಹಾಕಿ ಎತ್ತರಿಸಿಕೊಡುತ್ತೇನೆ, ಬಹಳ ಅಗ್ಗ ಎಂದರು. ಹಾಗೆ ಮಾಡಿಸಿದ ಗಾಡಿಯೊಂದು ಅಲ್ಲೇ ನಿಂತಿತ್ತು. ಓಡಿಸಿ ನೋಡಿದೆ. ಸ್ಟೀರಿಂಗ್ ನನ್ನ ಮಾತು ಬಿಟ್ಟು ರಸ್ತೆಯ ಗುಂಡಿಗಳ ಮಾತು ಕೇಳುತ್ತಿತ್ತು. ಕೈಮುಗಿದು ಬಂದೆ.

ಕೊನೆಗೆ ಅರಸೀಕೆರೆಯ ಗ್ಯಾರೇಜು ಮೇಸ್ತ್ರಿಯೊಬ್ಬರ ಹತ್ತಿರ ನಮ್ಮ ದುಡ್ಡಿಗೆ ಹೊಂದುವ ಕಿಟ್ ಇದೆ ಎಂದು ಗೊತ್ತಾಯಿತು. ಹೊರಡುವ ದಿನ ತೋಟಕ್ಕೆ ಕಾಯಿ ಕೀಳುವವರು ಬರುವುದಿತ್ತು, ಅಕ್ಕ ಬರುವ ಹಾಗಿರಲಿಲ್ಲ. ಗೋಡೆ ಹಿಡಿದು ನಿಂತು, ಎಡಗಾಲನ್ನು ಎತ್ತಲು ಆಗುವಷ್ಟು ಎತ್ತಿ, ಪಾದದಿಂದ ನೆಲದವರೆಗೆ ತೆಂಗಿನ ನಾರಿನ ಹುರಿ ಇಳಿಬಿಟ್ಟು ಅಳೆದು, ಅಲ್ಲಿಗೆ ಗಂಟು ಹಾಕಿ ಕೊಟ್ಟಳು.

"ಈ ಗಂಟು ದಾಟಬಾರ್ದು ನೋಡು. ದಾಟ್ತೋ, ಆಮೇಲೆ ಅದು ನನ್ ಜೀಪಲ್ಲ, ನಿನ್ ಜೀಪು."

"ಇಂಚಲ್ಲಿ ಬರ್ಕೊಟ್ಟಿದ್ರೆ ಸಾಕಿತ್ತಲ್ಲಕ್ಕ."

"ನೀನು ಓದ್ಕೊಂಡಿದ್ದು ನಂಗೊತ್ತಿಲ್ವಾ? ಇಟ್ಕೊ ಜೇಬಲ್ಲಿ."

ಮೇಸ್ತ್ರಿಯ ಹತ್ತಿರ ಎರಡು ಕಿಟ್ಟುಗಳಿದ್ದವು. ಒಂದು ಹೊಸದು, ಎರಡಿಂಚು ಎತ್ತರಿಸುವಂಥದ್ದು. ಇನ್ನೊಂದು ನಾಲ್ಕಿಂಚಿನದು. ಶೋಕಿಗೆ ಗುಡ್ಡ ಹತ್ತಿಸುವವರು ಯಾರೋ ಓಡಿಸುವಷ್ಟು ಓಡಿಸಿ ಬಿಚ್ಚಿ ಕೊಟ್ಟಿದ್ದು. ಬೆಲೆಯಲ್ಲಿ ನಾಲ್ಕಿಂಚಿನದೇ ಕಡಿಮೆ. ಕಡಿಮೆ ದುಡ್ಡಿಗೆ ಎರಡು ಪಟ್ಟು ಎತ್ತರ. ಎಮ್ಮೆ ಕೊಳ್ಳಲು ಹೋದವನಿಗೆ ಅದೇ ಹಗ್ಗದಲ್ಲಿ ಆನೆ ಕಟ್ಟಿಕೊಟ್ಟ ಹಾಗಾಯಿತು.

"ತ್ವಾಟದ ದಾರೀಗೆ ಎಲ್ಡಿಂಚೇ ಜಾಸ್ತಿ ಕಣಪ್ಪಾ. ಯಾರು ಓಡ್ಸೋರು?" ಎಂದರು ಮೇಸ್ತ್ರಿ.

"ನಾನೇ" ಎಂದೆ.

ಯಾಕೆ ಹಾಗೆಂದೆ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಬೇಲೂರಿನ ಬಸ್ ಸ್ಟ್ಯಾಂಡಿನ ಮುಂದೆ ಎತ್ತರದ ಜೀಪುಗಳಿಂದ ಕಪ್ಪು ಕನ್ನಡಕದ ಹುಡುಗರು ಧುಮುಕುವುದನ್ನು ನೋಡಿದ್ದೆ. ಈ ವಯಸ್ಸಿನಲ್ಲಿ, ಈ ಹೊಟ್ಟೆ ಹೊತ್ತುಕೊಂಡು, ನನಗೂ ಒಂದು ಸಲ ಹಾಗೆ ಧುಮುಕಬೇಕೆನಿಸಿತ್ತು. ಅಷ್ಟೇ.

ನಾಲ್ಕಿಂಚು ಹಾಕಿಸಿದೆ. ಮಿಕ್ಕ ದುಡ್ಡಿಗೆ ಹಿಂಡಿ, ಬೂಸಾದ ಮೂಟೆಗಳನ್ನು ಕೊಂಡು ಜೀಪಿನ ತುಂಬ ಹೇರಿದೆ. ಹೇರುವಾಗ ಒಂದು ಮೂಟೆಯ ಬಾಯಿ ಬಿಚ್ಚಿಕೊಂಡಿತು. ಜೇಬಿಗೆ ಕೈಹಾಕಿದರೆ ಹುರಿ ಸಿಕ್ಕಿತು. ಮೂಟೆಯ ಬಾಯಿಗೆ ಬಿಗಿದೆ. ಭಾರಕ್ಕೆ ಕುಗ್ಗಿ ನಿಂತಿದ್ದ ಜೀಪನ್ನು ಕಣ್ಣಲ್ಲೇ ಅಳೆದು, ಅಂಥ ಎತ್ತರವೇನಿಲ್ಲ ಎಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡೆ.

ದಾರಿಯುದ್ದಕ್ಕೂ ರಾಜನ ಹಾಗೆ ಬಂದೆ. ಬಸ್ತಿಹಳ್ಳಿಯಲ್ಲಿ ಟೀ ಕುಡಿಯಲು ನಿಲ್ಲಿಸಿದರೆ ಬಸದಿ ನೋಡಲು ಬಂದವರಿಬ್ಬರು ಜೀಪಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಬಸದಿಯ ಕಡೆಗೆ ಬೆನ್ನು ಮಾಡಿ.

ಮನೆ ಮುಂದೆ ಮೂಟೆ ಇಳಿಸತೊಡಗಿದೆ. ಅಕ್ಕ ಜಗಲಿಯ ಮೇಲೆ ಕೂತು ನೋಡುತ್ತಿದ್ದಳು. ಒಂದು ಮೂಟೆ ಇಳಿಸಿದರೆ ಜೀಪು ಒಂದಿಷ್ಟು ಎದ್ದಿತು. ಇನ್ನೊಂದು ಇಳಿಸಿದರೆ ಇನ್ನೊಂದಿಷ್ಟು. ಒಲೆಯ ಮೇಲಿನ ಹಾಲು ಉಕ್ಕಿದ ಹಾಗೆ ಏಳುತ್ತಲೇ ಹೋಯಿತು.

"ಇನ್ನೂ ಎಷ್ಟು ಮೂಟೆ ಐತೋ?" ಎಂದಳು ಅಕ್ಕ.

"ಮೂರು."

"ಅಲ್ಲೇ ಬಿಡು. ಇಳುಸುದ್ರೆ ಮೇಲೆ ತೆಂಗಿನ ಗರಿಗೆ ತಾಗ್ತದೆ."

ಕಡೆಯ ಮೂಟೆ ಇಳಿದಾಗ ಅದರ ಕತ್ತಿನಲ್ಲಿದ್ದ ಹುರಿ ಅವಳ ಕಣ್ಣಿಗೆ ಬಿತ್ತು. ಎದ್ದು ಬಂದು ಬಿಚ್ಚಿಕೊಂಡಳು. ಜೀಪಿಗೆ ಹಿಡಿದಳು. ಗಂಟು ತಗಡಿಗಿಂತ ಕೆಳಗೇ ಉಳಿಯಿತು. ಸ್ಟೀರಿಂಗ್ ಹಿಡಿದು ಕಾಲೆತ್ತಿ ನೋಡಿದಳು. ಕಾಲೂ ಗಂಟಿನ ಹತ್ತಿರವೇ ನಿಂತಿತು.

"ಅಳುದ್ಯಾ?"

"ಅಳುದೆ ಅಕ್ಕ. ಎಲ್ಡಿಂಚಿಂದು ಖರ್ಚಾಗೋಗಿತ್ತು, ಇದೊಂದೇ ಇದ್ದಿದ್ದು. ಪಟ್ಟಿ ಈಗ ಬಿಗಿ ಐತೆ, ಓಡ್ತಾ ಓಡ್ತಾ ಇಳೀತದೆ ಅಂತ ಮೇಸ್ತ್ರಿ ಹೇಳವ್ರೆ."

ಒಂದೇ ಉಸಿರಿನಲ್ಲಿ ಎಲ್ಲವೂ ಸುಳ್ಳು. ಯಾರೋ ಓಡಿಸಿ ಬಿಟ್ಟ ಪಟ್ಟಿ, ಇಳಿಯುವಷ್ಟು ಆಗಲೇ ಇಳಿದಿತ್ತು. ಅಕ್ಕ ನಂಬಿದಳು. ಅಡುಗೆಮನೆಯಿಂದ ಊಟಕ್ಕೆ ಕೂರುವ ಮಣೆ ತಂದು, ಅದೇ ಹುರಿಯನ್ನು ಅದಕ್ಕೆ ಕಟ್ಟಿದಳು. ಮಣೆ ಮೆಟ್ಟಿ ಹತ್ತುವುದು, ಹತ್ತಿದ ಮೇಲೆ ಹುರಿ ಎಳೆದು ಮಣೆಯನ್ನು ಒಳಗೆ ತೆಗೆದುಕೊಳ್ಳುವುದು. ಬಾವಿಯಿಂದ ಬಿಂದಿಗೆ ಸೇದಿದ ಹಾಗೆ ಅವಳು ಮಣೆ ಸೇದುವುದನ್ನು ನೋಡಲು ಹಳೇಬೀಡಿನ ಅಂಗಡಿಗಳವರು ಎದ್ದು ನಿಲ್ಲುತ್ತಿದ್ದರು. "ಯಾಕ್ ನೋಡ್ತೀರಾ, ಇಳ್ಯೋವಾಗ್ಲೂ ಐತೆ, ಇರಿ" ಎನ್ನುತ್ತಿದ್ದಳು.

ನಮ್ಮಲ್ಲಿ ಒಡಹುಟ್ಟಿದವರು ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ತಿಂಡಿ ತಂದುಕೊಡುತ್ತೇವೆ. ಅರಸೀಕೆರೆ ಕಡೆ ಹೋದಾಗ ಕೋಡುಬಳೆ ತಂದೆ, ಬೇಲೂರಿನಿಂದ ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದೆ. "ಏನ್ಲಾ, ಯಾವ ಹಬ್ಬ?" ಎಂದು ಕೇಳುತ್ತಾ ತಿಂದಳು. ಅದೂ ಸಾಲದೆಂದು ಡ್ರೈವರ್ ಬಾಗಿಲಿನ ಕೆಳಗೆ ಕಬ್ಬಿಣದ ಮೆಟ್ಟಿಲು ನೇತುಹಾಕಿ ವೆಲ್ಡಿಂಗ್ ಮಾಡಿಸಿದೆ. ಯಾವ ದಿಬ್ಬಕ್ಕೆ ತಾಗಬಾರದೆಂದು ಅಷ್ಟೆಲ್ಲ ಎತ್ತರಿಸಿದ್ದೆನೋ, ಒಂದು ತಿರುವಿನಲ್ಲಿ ಮೆಟ್ಟಿಲು ಅದೇ ದಿಬ್ಬಕ್ಕೆ ತಾಗಿ ಕಿತ್ತುಬಂತು. ಅಕ್ಕ ಅದನ್ನು ಎತ್ತಿಕೊಂಡು ಬಂದು ಕೋಳಿಗೂಡಿನ ಮುಂದೆ ಇಟ್ಟಳು. "ಅವಾದ್ರೂ ಹತ್ಲಿ."

ಒಂದು ಸಂಜೆ ಅವಳು ತೋಟದಿಂದ ಬರುವ ಹೊತ್ತಾದರೂ ಬರಲಿಲ್ಲ. ಬೈಕ್ ತೆಗೆದುಕೊಂಡು ಹೋದೆ. ಜೀಪು ತೋಟದಲ್ಲಿ ತೆಂಗಿನ ಮರದ ಕೆಳಗೆ ನಿಂತಿತ್ತು. ಪಕ್ಕದ ಕೆಸರಿನಲ್ಲಿ ಮಣೆ ಎರಡು ಹೋಳಾಗಿ ಬಿದ್ದಿತ್ತು, ಹುರಿ ಒಂದು ಹೋಳಿಗೆ ಅಂಟಿಕೊಂಡೇ ಇತ್ತು. ಅಕ್ಕ ಇರಲಿಲ್ಲ. ಹುರಿಯನ್ನು ಬಿಚ್ಚಿ ಜೇಬಿಗಿಟ್ಟು, ಅವಳು ನಡೆದೇ ಹೊರಟಿರಬೇಕೆಂದು ಕೆರೆ ಏರಿಯ ಮೇಲಿನ ಅಡ್ಡದಾರಿ ಹಿಡಿದೆ. ಏರಿಯ ಕಲ್ಲಿನ ಮೇಲೆ ಎಡಗಾಲು ನೀಡಿಕೊಂಡು ಕೂತಿದ್ದಳು. ಸೀರೆಯ ಅಂಚೆಲ್ಲ ಕೆಸರು.

"ಯಾರಾದ್ರೂ ಬತ್ತಾರೆ, ಹಿಂದೆ ಕೂತ್ಕೊಂಡು ಹೋಗಾಣ ಅಂತ ಕಾಯ್ತಾ ಇದ್ದೆ" ಎಂದಳು. ನಗಲು ನೋಡಿದಳು.

ಪಕ್ಕದಲ್ಲಿ ಕೂತೆ. ಅವಳು ಮಂಡಿ ಒತ್ತಿಕೊಳ್ಳುತ್ತಿದ್ದಳು.

"ಪಟ್ಟಿ ಇಷ್ಟೊತ್ತಿಗೆ ಇಳಿದಿರ್ಬೇಕಲ್ವೇನೋ. ಅದು ಇಳಿದೂ ಹತ್ತಕ್ಕಾಗ್ತಿಲ್ಲ ಅಂದ್ರೆ ನನ್ ಕಾಲೇ ಇನ್ನೂ ಕೆಟ್ಟೋಗೈತೆ. ಇರ್ಲಿ ಬಿಡು, ವಯಸ್ಸಾಯ್ತಲ್ಲ. ಜೀಪು ನೀನೇ ಇಟ್ಕೊ."

ಬೈದಿದ್ದರೆ ಮತ್ತೊಂದು ಪೊಟ್ಟಣ ಕೋಡುಬಳೆಯಲ್ಲಿ ಮುಗಿಸಿಬಿಡುತ್ತಿದ್ದೆನೇನೋ. ಅವಳು ಬೈದದ್ದು ತನ್ನ ಕಾಲನ್ನು. ಜೇಬಿನಿಂದ ಹುರಿ ತೆಗೆದು ಅವಳ ಮಡಿಲಲ್ಲಿಟ್ಟೆ.

"ಪಟ್ಟಿ ಇಳ್ಯಲ್ಲ ಅಕ್ಕ. ನಿನ್ ಕಾಲು ಸರಿಯಾಗೇ ಐತೆ. ಅವತ್ತು ಎಲ್ಡಿಂಚಿಂದು ಅಲ್ಲೇ ಇತ್ತು, ನಾನೇ ಬ್ಯಾಡ ಅಂದೆ. ಹುರಿ ಜೇಬಲ್ಲೇ ಇತ್ತು, ಅಳೀಲಿಲ್ಲ. ಬೇಲೂರು ಹುಡುಗ್ರಂಗೆ ಮೇಲಿಂದ ಧುಮುಕ್ಬೇಕು ಅನ್ನಿಸ್ತು, ಅದ್ಕೆ. ನಾಳೆ ಅರಸೀಕೆರೆಗೆ ಹೋಗಿ ಬದಲಾಯ್ಸಾಣ, ಹುರಿ ನೀನೇ ಹಿಡಿ. ತಪ್ಪಾಯ್ತು ಕಣಕ್ಕ."